ಪೂಜೆಯಾದ ರಾಣಿಯನ್ನು ಕೊಲ್ಲುವಂತಿಲ್ಲ

ಬನ್ನಿ, ಫೋನು ಪಕ್ಕಕ್ಕಿಟ್ಟು ಕಾಲು ಚಾಚಿ ಕೂತ್ಕೊಳ್ಳಿ. ನಮ್ಮ ಜಿಗಣಿಯಲ್ಲಿ ನಾಟಕ ಆಡೋಕೆ ಹೊರಟರೆ ಬರೆದಿದ್ದೊಂದು, ಆಗೋದು ಇನ್ನೊಂದು. ಹೋದ ಆಯುಧಪೂಜೆಗೆ ನನ್ನ ಮೊಮ್ಮಗಳ ಫ್ಯಾಕ್ಟರಿಯವರು, ಚಾಡಿಮಾತು ಕೇಳಿ ಹೆಂಡತಿಯನ್ನೇ ಕೊಲ್ಲೋ ರಾಜನ ಹಳೇ ನಾಟಕ ಆಡಿದರು. ಆದರೆ ರಾಜ, ರಾಣಿ ಇಬ್ಬರೂ ಮುಂದಿನ ಕಾಲದ ರೋಬೋಗಳಂತೆ! ರಾಣಿ ನನ್ನ ಮೊಮ್ಮಗಳು. ಅವತ್ತೇ ಚಂದಾಪುರದಿಂದ ಗಂಡಿನ ತಾಯಿ ಅವಳನ್ನು ನೋಡೋಕೆ ಬರೋರಿದ್ದರು. "ಬಣ್ಣ ಹಚ್ಚೋ ಹುಡುಗಿ ನಮಗಾಗಲ್ಲ" ಅಂತ ಮೊದಲೇ ಅಂದಿದ್ದವರು.

ರಾಜನ ಅಳು

ರಾಜನ ಪಾತ್ರ ರಾಯಚೂರು ಕಡೆಯ ಫಿಟ್ಟರ್‌ದು. ನಾಟಕ ಕಲಿಸ್ತಿದ್ದ ಸೂಪರ್‌ವೈಸರ್ "ರೋಬೋ ಕಣಯ್ಯ ನೀನು, ಅಳಬಾರದು" ಅಂದರು.

"ಹೆಂಡ್ತಿ ಸತ್ತ್ರ ನಮ್ಮ ಕಡೆ ಹಾಡಿಕೊಂಡು ಅಳ್ತಾರ್ರಿ ಸರ."

"ಯಂತ್ರಕ್ಕೆ ಕಣ್ಣೀರೆಲ್ಲಿಂದ ಬರುತ್ತೋ?"

"ಹಂಗಾರ ಎಣ್ಣಿ ಸುರಸ್ತೀನ್ರಿ!"

ಬಗ್ಗದ ನಡು

ರಾಣಿಯ ವೇಷ ರಟ್ಟಿಗೆ ಬೆಳ್ಳಿ ಕಾಗದ ಅಂಟಿಸಿದ್ದು. ಗಂಡಿನ ತಾಯಿ ಬಂದೇ ಬಿಟ್ಟರು. "ಕಾಲಿಗೆ ಬೀಳೇ" ಅಂತ ಚಿವುಟಿದೆ, ರಟ್ಟಿಗೆ ಉಗುರು ನಾಟಲಿಲ್ಲ.

"ಅಜ್ಜಿ, ಬಗ್ಗಿದ್ರೆ ಬೆನ್ನು ಹರಿಯುತ್ತೆ!"

ಆ ತಾಯಿ ಕೆಳಗಿಂದ ಮೇಲಕ್ಕೆ ನೋಡಿ, "ಹುಡುಗಿಗೆ ನಡು ಬಗ್ಗಲ್ವಾ?" ಅಂದರು.

"ಇವತ್ತೊಂದಿನ ಬಗ್ಗಲ್ಲ ಕಣಮ್ಮ" ಅಂದೆ.

ಕಾಲಡಿಯ ನಿಂಬೆಹಣ್ಣು

ಪೂಜಾರಪ್ಪ ಸಾಲಾಗಿ ಯಂತ್ರಗಳಿಗೆಲ್ಲ ಕುಂಕುಮ ಇಡುತ್ತಾ ಬಂದ. ಸಾಲಿನ ಮಧ್ಯೆ ಇವಳು ಕಣ್ಣು ಮುಚ್ಚಿ ಮಾತು ಬಾಯಿಪಾಠ ಮಾಡ್ತಾ ನಿಂತಿದ್ದಳು. ಆತ ಹಣೆಗೆ ಕುಂಕುಮ ಇಟ್ಟು, ಚೆಂಡುಹೂವಿನ ಹಾರ ಹಾಕಿ, ಎರಡು ಕಾಲಡಿಗೂ ಒಂದೊಂದು ನಿಂಬೆಹಣ್ಣು ಇಟ್ಟು, ಮಂಗಳಾರತಿಯನ್ನೂ ಎತ್ತಿಬಿಟ್ಟ.

"ಸ್ವಾಮೀ, ನಾನು ಮನುಷ್ಯಳು!"

"ಇರಲಿ ಬಿಡಮ್ಮ, ಆಗಿದ್ದು ಆಯ್ತು" ಅಂತ ಪಕ್ಕದಲ್ಲಿದ್ದ, ಸಾಮಾನು ಎತ್ತೋ ಫೋರ್ಕ್‌ಲಿಫ್ಟ್‌ಗೆ ಹೋದ.

ನಾಳೆಗೆ ಮುಂದಕ್ಕೆ

ನಾಟಕ ಶುರುವಾಯ್ತು. ಮಂತ್ರಿ ಚಾಡಿ ಹೇಳಿದ, ರಾಜ ಕತ್ತಿ ಎತ್ತಿದ. ಗಂಡಿನ ತಾಯಿ ಎದ್ದು ನಿಂತರು. ಸಂಬಂಧ ಮುರೀತು ಅಂದ್ಕೊಂಡು ನಾನು ಕಣ್ಣು ಮುಚ್ಚಿದೆ.

"ಏಯ್, ಇಳಿಸೋ ಕತ್ತಿ! ಪೂಜೆ ಆದ ಯಂತ್ರನ ಇವತ್ತು ಓಡಿಸೋದೇ ಇಲ್ಲ, ನೀನು ಒಡೀತೀಯಾ? ಅದೂ ನಮ್ಮನೆ ಸೊಸೇನ!" ಅಂತ ಅವರು ರಾಜನನ್ನೇ ಗದರಿದರು.

ಕೆಲಸದವರೆಲ್ಲ "ಹೌದು, ನಾಳೆವರೆಗೂ ಮುಟ್ಟಂಗಿಲ್ಲ!" ಅಂತ ಕೂಗಿದರು.

ಪರದೆ ಹಿಂದಿಂದ ಸೂಪರ್‌ವೈಸರ್, "ಕೊಲ್ಲೋ, ನಾಟಕ ಮುಗೀಬೇಕು!"

ರಾಜ ಕತ್ತಿ ಕೆಳಗಿಟ್ಟು ಕೈಮುಗಿದ. "ನಾಳೆ ಬೆಳಿಗ್ಗೆ ಡ್ಯೂಟಿಗೆ ಬಂದು ಕೊಲ್ತೀನ್ರಿ ಸರ!"

ಆಮೇಲೇನಾಯ್ತು ಅಂತೀರಾ? ಮದುವೆಯೇ ಮುಗಿದಷ್ಟು ಹಗುರ ಆಯ್ತು ನನಗೆ ಅವತ್ತೇ. ಮೂರು ತಿಂಗಳಿಗೆ ಮೊಮ್ಮಗಳ ಮದುವೇನೂ ಆಯ್ತು. ರಾಜ ಊರಿಂದ ಹೆಂಡತಿಯನ್ನು ಕರೆತಂದು ಇಲ್ಲೇ ಸಂಸಾರ ಹೂಡಿದ. ಮಂತ್ರಿ ಆದವನು ನಿಜ ಹೇಳಿದರೂ ಕ್ಯಾಂಟೀನಲ್ಲಿ ಯಾರೂ ನಂಬಲ್ಲ. ಸೂಪರ್‌ವೈಸರ್ ಯಾರೂ ಸಾಯದ ನಾಟಕ ಬರೀತಿದ್ದಾರೆ. ಬೀಗಿತ್ತಿ ಅದರಲ್ಲಿ ಪಾತ್ರ ಕೇಳಿದ್ದಾರೆ, ಸಣ್ಣದು ಬೇಡವಂತೆ.