ನಂಜುಂಡನ ಕೆನ್ನೆಯ ಬರೆ

2001ರ ನವೆಂಬರಿನ ಒಂದು ಬೆಳಿಗ್ಗೆ ನಂಜುಂಡ ಎದ್ದಾಗ, ಕಾದ ಸೌಟಿನಿಂದ ಬರೆ ಎಳೆದಂತೆ ಎಡಗೆನ್ನೆಯ ಉದ್ದಕ್ಕೂ ಗುಳ್ಳೆಗಳೆದ್ದಿದ್ದವು. ಹತ್ತು ಗಂಟೆಗೆ ಅಡ್ಯಾರಿನ ಶಾಲೆಯೊಂದರಲ್ಲಿ ಜೀವಶಾಸ್ತ್ರದ ಮೇಷ್ಟರ ಕೆಲಸಕ್ಕೆ ಸಂದರ್ಶನ. ಇದೂ ತಪ್ಪಿದರೆ ಕೊಳ್ಳೇಗಾಲಕ್ಕೆ ಬಂದು ಸಿಮೆಂಟ್ ಅಂಗಡಿಯಲ್ಲಿ ಕೂರಬೇಕೆಂದು ಮಾವ ಹನುಮಂತಯ್ಯ ಗಡುವು ಕೊಟ್ಟಾಗಿತ್ತು.

ಅವನು ಬಾಡಿಗೆಗಿದ್ದ ವೆಸ್ಟ್ ಮಾಂಬಲಂನ ತಮಿಳರ ವಠಾರದಲ್ಲಿ ಯಾರ ಮುಖವೂ ಅವರೊಬ್ಬರ ಸ್ವಂತದ್ದಲ್ಲ. ಎದುರುಮನೆಯ ಜಯಲಕ್ಷ್ಮೀ ಮಾಮಿ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು.

"ಎಟ್ಟುಕಾಲ್ ಪೂಚ್ಚಿ, ಅದೇ ನಿಮ್ಮ ಜೇಡ, ಉಚ್ಚೆ ಹೊಯ್ದಿದೆ ಕಣೋ."

ಎಂಎಸ್ಸಿಯಲ್ಲಿ ಎರಡು ವರ್ಷ ಜೇಡಗಳನ್ನೇ ಸಾಕಿದ್ದ ನಂಜುಂಡನಿಗೆ ತಡೆಯಲಾಗಲಿಲ್ಲ. "ಜೇಡ ಪೂಚ್ಚಿಯೇ ಅಲ್ಲ, ಕೀಟವೇ ಅಲ್ಲ ಮಾಮಿ. ಪೂಚ್ಚಿಗೆ ಆರು ಕಾಲು, ತಲೆ ಮೇಲೆ ಮೀಸೆ. ಜೇಡಕ್ಕೆ ಎಂಟು ಕಾಲು, ಮೀಸೆ ಇಲ್ಲ, ರೆಕ್ಕೆ ಇಲ್ಲ. ಉಚ್ಚೆನೂ ಹೊಯ್ಯಲ್ಲ, ಸುಣ್ಣದ ಥರ ಬಿಳೀ ಹಿಕ್ಕೆ ಹಾಕತ್ತೆ ಅಷ್ಟೆ. ಇದು ಟ್ಯೂಬ್‌ಲೈಟಿಗೆ ಬರೋ ಸಣ್ಣ ಜೀರುಂಡೆ. ನಿದ್ದೇಲಿ ಕೆನ್ನೆ ಕೆಳಗೆ ಅರೆದುಹೋಗಿ ಅದರ ವಿಷ ತಾಗಿದೆ."

"ನೀನು ಪೇಸ್ತಾ ಇರು," ಎಂದ ಮಾಮಿ, ಅವನು ಮಾತಾಡುತ್ತಿದ್ದ ಹಾಗೆಯೇ ಗರಿಕೆ-ಅರಿಶಿನ ಅರೆದು ಮೆತ್ತಿಬಿಟ್ಟರು. ತೊಳೆದಷ್ಟೂ ಬಣ್ಣ ಹರಡಿ ಅವನ ಮುಖ ಹಬ್ಬದ ಹೊಸ್ತಿಲಿನಂತಾಯಿತು.

ಬಸ್ಸಿನಲ್ಲಿ ಆ ಹಳದಿ ಕಂಡು ಕಂಡಕ್ಟರ್ ಎರಡು ಹೆಜ್ಜೆ ಹಿಂದೆ ಸರಿದ. ಅಮ್ಮ, ಅಂದರೆ ಸೀತಾಳೆ ಸಿಡುಬು, ಬಂದಿರಬೇಕೆಂದು ಅವನ ಅನುಮಾನ. ಪಕ್ಕದ ಸೀಟಿನ ಮುದುಕರು ಪಾಪ ನೆರವಿಗೆ ಬಂದರು: "ಎಟ್ಟುಕಾಲ್ ಪೂಚ್ಚಿದಾನೇ ತಂಬಿ?"

ಹೌದೆಂದಿದ್ದರೆ ಮುಗಿಯುತ್ತಿತ್ತು. ನಂಜುಂಡ "ಇಲ್ಲೈ" ಎಂದು ವಿವರಿಸಲು ಬಾಯಿ ತೆರೆದ. ಜೇಡವಲ್ಲದಿದ್ದರೆ ಅಮ್ಮನೇ ಎಂದು ಬಸ್ಸಿಗೆ ಬಸ್ಸೇ ತೀರ್ಮಾನಿಸಿತು. ಸೈದಾಪೇಟೆಯಲ್ಲಿ ಅವನನ್ನು ಇಳಿಸಿ, ಸೀಟಿ ಊದಿ ಹೊರಟೇಹೋದರು. ಆಟೋದವರೂ ಮುಖ ನೋಡಿ ನಿಲ್ಲಿಸಲಿಲ್ಲ.

ನಡೆದು ಶಾಲೆ ಮುಟ್ಟುವಾಗ ಹನ್ನೊಂದೂವರೆ. ಬೆವರಿನ ಜೊತೆ ಇಳಿದ ಅರಿಶಿನ ಬಿಳೀ ಅಂಗಿಯ ಎದೆಯವರೆಗೂ ಬಂದಿತ್ತು. ಇನ್ನು ಈ ಬಾಯಿಂದ ನಿಜ ಆಡಿದರೆ ಕೇಳು ಎಂದುಕೊಂಡು ಒಳಗೆ ಹೋದ.

ಹೆಡ್ಮಿಸ್ ವಿನೋದಾ ಅರ್ಜಿಯಲ್ಲಿ ಮೈಸೂರು ಎಂದಿದ್ದುದನ್ನು ನೋಡಿ ಕನ್ನಡದಲ್ಲೇ ಕೇಳಿದರು. "ಕೆನ್ನೆಗೇನಾಯ್ತು?"

"ಜೇಡ ಉಚ್ಚೆ ಹೊಯ್ತು ಮೇಡಂ."

"ಖಾತ್ರಿಯಾ?"

"ಖಾತ್ರಿ ಮೇಡಂ. ಎಲ್ಲರಿಗೂ ಗೊತ್ತಿರೋದೇ."

ವಿನೋದಾ ಫೈಲು ಮುಚ್ಚಿದರು. "ನಾನು ಡಾಕ್ಟರೇಟ್ ಮಾಡಿದ್ದು ಜೇಡದ ಮೇಲೆ. ನೀವೂ ಜೇಡ ಓದಿದವರು ಅಂತ ಇಷ್ಟು ಹೊತ್ತು ಕಾದೆ. ನಮ್ಮ ವಾಚ್‌ಮನ್ನೂ ಇದನ್ನೇ ಹೇಳ್ತಾನೆ."

"ಇಲ್ಲ ಮೇಡಂ, ನಿಜವಾಗಿ ಅದು ಜೀರುಂಡೆ—"

"ನನ್ನ ಮುಖ ನೋಡಿ ಉತ್ತರ ಬದಲಾಯಿಸೋರು ಮಕ್ಕಳಿಗೆ ಏನು ಕಲಿಸ್ತೀರಿ? ಹೋಗ್ಬನ್ನಿ."

ಹೊರಗೆ ಬೆಂಚಿನ ಮೇಲೆ ಕೊನೆಯ ಅಭ್ಯರ್ಥಿ ತೃಪ್ತಿ ಕೂತಿದ್ದಳು. ಓದಿದ್ದು ಸಸ್ಯಶಾಸ್ತ್ರ, ಜೇಡ ಕಂಡರೆ ಕುರ್ಚಿ ಹತ್ತುವವಳು. "ಏನು ಕೇಳಿದ್ರು ಸಾರ್?" ಎಂದಳು. ನಂಜುಂಡನಿಗೆ ಬೆಳಗಿನಿಂದ ಕೇಳುವವರೇ ಸಿಕ್ಕಿರಲಿಲ್ಲ. ಅವಳ ಪಕ್ಕದಲ್ಲಿ ಕುಸಿದು ಕೂತು ಎಂಟು ಕಾಲಿನಿಂದ ಬಿಳೀ ಹಿಕ್ಕೆಯವರೆಗೆ, ಜೀರುಂಡೆಯ ವಿಷದ ಸಮೇತ, ಎಲ್ಲವನ್ನೂ ಹೇಳಿದ.

ಅವನು ಕೊಳಾಯಿಯಲ್ಲಿ ಇನ್ನೂ ಮುಖ ತೊಳೆಯುತ್ತಿರುವಾಗಲೇ ತೃಪ್ತಿ ನೇಮಕದ ಕಾಗದ ಹಿಡಿದು ಹೊರಗೆ ಬಂದಳು.

"ನಿಮ್ಮ ಕೆನ್ನೆ ಬಗ್ಗೆನೇ ಕೇಳಿದ್ರು. ತುಂಬಾ ಥ್ಯಾಂಕ್ಸ್ ಸಾರ್," ಎಂದಳು. "ಎಷ್ಟು ಚೆನ್ನಾಗಿ ಹೇಳ್ಕೊಡ್ತೀರಿ. ನೀವು ಮೇಷ್ಟ್ರಾಗ್ಬೇಕಿತ್ತು."