ರುಚಿಗೆ ಮಾತ್ರ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ಒಂದು ಕಾಲು ದೋಸೆ. ಇಡೀ ದೋಸೆ ಕೇಳಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಹಾಸನದ ಹೋಟೆಲಿನಲ್ಲಿ ಕೂತು ಎರಡು ಕೇಳಬಹುದು, ನಾಲ್ಕು ಕೇಳಬಹುದು, ಮೇಲೆ ಇನ್ನೊಂದು ಬಟ್ಟಲು ಚಟ್ನಿಯನ್ನೂ ಕೇಳಬಹುದು. ಕಾಲು ದೋಸೆ ಕೇಳುವ ಧೈರ್ಯ ಮಾಡಿದವನು ಕಾಂತರಾಜು ಒಬ್ಬನೇ.

ಕಾಂತರಾಜುವಿನದು ಬಸ್ ಸ್ಟ್ಯಾಂಡ್ ಹಿಂದುಗಡೆ ಒಂದು ಟ್ರಾವೆಲ್ಸ್. ಟ್ರಾವೆಲ್ಸ್ ಎಂದರೆ ಒಂದು ಮೇಜು, ಒಂದು ಫ್ಯಾನು, ಗೋಡೆಗೆ ಬೇಲೂರಿನ ಗುಡಿಯ ಚಿತ್ರ. ಪ್ರವಾಸಿಗರು ಬೇಲೂರು ನೋಡುತ್ತಾರೆ, ಹಳೇಬೀಡು ನೋಡುತ್ತಾರೆ, ಹಾಸನಕ್ಕೆ ಬಂದು ನಿದ್ದೆ ಮಾಡುತ್ತಾರೆ. ಈ ಸಂಕಟಕ್ಕೆ ಮದ್ದೆಂದು ಅವನು ‘ಹಾಸನ ತಿಂಡಿ ನಡಿಗೆ’ಯನ್ನು ಹುಟ್ಟುಹಾಕಿದ್ದ. ಅತಿಥಿಗಳನ್ನು ಊರೊಳಗೆ ನಡೆಸಿಕೊಂಡು ಹೋಗುವುದು, ಅಲ್ಲಲ್ಲಿ ನಿಲ್ಲುವುದು, ಇಷ್ಟಿಷ್ಟೇ ರುಚಿ ತೋರಿಸುವುದು.

ಹಳ್ಳಿಮೈಸೂರಿನಲ್ಲಿ ಗೊಬ್ಬರದ ಅಂಗಡಿ ಇಟ್ಟಿದ್ದ ಮಾವ ಈಶ್ವರಯ್ಯನವರು ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಅಳಿಯಂದ್ರೇ, ಬೀದಿ ಬೀದಿ ತಿರುಗಿ ಬಾಯಾಡ್ಸೋದ ನಮ್ಮನೆ ಹಸಾನೂ ಮಾಡ್ತದೆ. ಅದ್ಕೆ ಗೈಡು ಬೇಕಾ? ಸುಮ್ಕೆ ಬಂದು ಅಂಗಡೀಲಿ ಕೂತ್ಕಳಿ. ನಂಗೂ ಕೂತೂ ಕೂತೂ ಸಾಕಾಗೋಗದೆ.”

ಕಾಂತರಾಜುವಿಗೆ ಗೊಬ್ಬರದ ವಾಸನೆ ಆಗಿಬರುವುದಿಲ್ಲ. ಆ ಅಂಗಡಿಯ ಹೊಸಿಲು ತುಳಿದರೆ ಸಾಕು, ಸೀನು ಶುರುವಾಗಿ ಕಣ್ಣು ಊದಿಕೊಳ್ಳುತ್ತಿತ್ತು. ಆದರೂ ವರ್ಷದಿಂದ ಮಾತು ಬೆಳೆದು ಬೆಳೆದು ಕೊನೆಗೊಂದು ಒಪ್ಪಂದಕ್ಕೆ ಬಂದು ನಿಂತಿತ್ತು. ತಿಂಡಿ ನಡಿಗೆಗೆ ಒಬ್ಬರಾದರೂ ದೊಡ್ಡ ಗಿರಾಕಿ ಸಿಕ್ಕರೆ ಸರಿ, ಇಲ್ಲದಿದ್ದರೆ ಕಾಂತರಾಜು ಟ್ರಾವೆಲ್ಸಿನ ಬಾಗಿಲು ಹಾಕಿ ಗೊಬ್ಬರದ ಅಂಗಡಿಯಲ್ಲಿ ಕೂರಬೇಕು.

ಆ ದೊಡ್ಡ ಗಿರಾಕಿ ಇವತ್ತು ಬಂದಿದ್ದಳು. ಹೆಸರು ಮಾರ್ಲೀನ್, ಊರು ಕೆರಿಬಿಯನ್ ಸಮುದ್ರದ ಟ್ರಿನಿಡಾಡ್. ಪೋರ್ಟ್ ಆಫ್ ಸ್ಪೇನ್ ಪೇಟೆಯಲ್ಲಿ ಇಂಥದ್ದೇ ತಿಂಡಿ ನಡಿಗೆ ನಡೆಸುವುದು ಅವಳ ಕಸುಬು. ವರ್ಷಕ್ಕೊಮ್ಮೆ ಅಲ್ಲಿಂದ ಗುಂಪು ಕಟ್ಟಿಕೊಂಡು ಇಂಡಿಯಾ ತೋರಿಸಲು ಬರುತ್ತಿದ್ದಳು. ಇವನ ನಡಿಗೆ ಹಿಡಿಸಿದರೆ ಇನ್ನು ಮೇಲೆ ಎಲ್ಲ ಗುಂಪುಗಳೂ ಹಾಸನದಲ್ಲಿ ನಿದ್ದೆ ಬಿಟ್ಟು ನಡೆಯಬೇಕೆಂದು ಮಾತಾಗಿತ್ತು.

ಬೆಳಿಗ್ಗೆ ಹೊರಡುವಾಗ ಹೆಂಡತಿ ತೇಜಶ್ರೀ ಕೇಳಿದಳು. ಅವಳು ಮದುವೆಗೆ ಮುಂಚೆ ಕಾನ್ವೆಂಟಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವಳು, ಪ್ರಶ್ನೆ ಕೇಳುವ ಅಭ್ಯಾಸ ಹೋಗಿರಲಿಲ್ಲ.

“ರೀ, ಅಂಗಡಿಯೋರಿಗೆಲ್ಲ ಮೊದ್ಲೇ ಹೇಳಿದ್ದೀರಾ?”

“ಏಳೋದೇನೇ? ಜಾಸ್ತಿ ಕೊಡಿ ಅಂದ್ರೆ ತಾನೇ ತಕರಾರು? ಕಮ್ಮಿ ಕೊಡಿ ಅಂದ್ರೆ ಯಾರ್ ಬ್ಯಾಡ ಅಂತಾರೆ?” ಎಂದು ಕಾಂತರಾಜು ಚಪ್ಪಲಿ ಮೆಟ್ಟಿದ. ಹುಟ್ಟಿದಾಗಿನಿಂದ ಹಾಸನದಲ್ಲೇ ಇದ್ದವನು ಇಂಥ ಮಾತಾಡಿದ್ದು ಆಶ್ಚರ್ಯವೇ ಸರಿ.

ಮೊದಲ ನಿಲ್ದಾಣ ನಂಜಯ್ಯನ ದೋಸೆ ಹೋಟೆಲು. ಮಾರ್ಲೀನ್ ಒಳಗೆ ಕಾಲಿಡುವ ಮೊದಲೇ ಇಂಗ್ಲಿಷಿನಲ್ಲಿ ತನ್ನ ಕಸುಬಿನ ಒಂದು ನಿಯಮ ಹೇಳಿದಳು. “ನಮ್ಮೂರಿನಲ್ಲಿ ಗೈಡ್ ಮೊದಲು ತಿನ್ನುತ್ತಾನೆ, ಆಮೇಲೆ ಅತಿಥಿ. ಗೈಡ್ ತಿನ್ನದ್ದನ್ನು ನಾನು ಮುಟ್ಟುವುದಿಲ್ಲ.” ಕಾಂತರಾಜುವಿಗೆ ಖುಷಿಯೇ ಆಯಿತು. ಬೆಳಗಿನ ತಿಂಡಿ ಬಿಟ್ಟು ಬಂದಿದ್ದ.

“ನಂಜಯ್ಯನೋರೇ, ಒಂದು ಬೆಣ್ಣೆ ದೋಸೆ ಉಯ್ದು ನಾಕು ತುಂಡು ಮಾಡಿ. ಇವ್ರಿಗೆ ಕಾಲು, ನಂಗೆ ಕಾಲು. ರುಚಿಗೆ ಮಾತ್ರ.”

ನಂಜಯ್ಯ ಕಾವಲಿ ಮುಂದೆ ಹಾಗೇ ನಿಂತುಬಿಟ್ಟ. “ಕಾಲು ದೋಸೆನಾ? ಏನಪ್ಪಾ ಕಾಂತರಾಜು, ನಾನೇನ್ ಕಾಗೆಗೆ ಎಡೆ ಇಕ್ತಾ ಇವ್ನಾ?”

“ಅಂಗಲ್ಲ ನಂಜಯ್ಯನೋರೇ, ಮುಂದೆ ಇನ್ನೂ ಅಂಗಡಿ ಅವೆ...”

“ಇರ್ಲಿ ಬಿಡು. ಸಮುದ್ರ ದಾಟ್ಕಂಡು ಬಂದಿರೋ ಎಣ್ಮಗಳು. ನಂಜಯ್ಯ ಕಾಲು ದೋಸೆ ಕೊಟ್ಟು ಅಟ್ಬುಟ್ಟ ಅಂತ ಅವರೂರಲ್ಲಿ ಏಳ್ಕಂಡು ತಿರುಗ್ಬೇಕಾ? ಕೂತ್ಕೊ ತಾಯಿ, ಕೂತ್ಕೊ!”

ತಲೆಗೆರಡು ದೋಸೆ ಬಂದವು. ಹಿಂದೆಯೇ ವಡೆ, ಕೇಸರಿಬಾತು ಬಂದವು. ಬೇಡ ಎಂದು ಕೈ ಅಡ್ಡ ಹಿಡಿದದ್ದಕ್ಕೆ ಇನ್ನೊಂದು ಸೌಟು ಪಲ್ಯ ಬಂತು. ಪಕ್ಕದ ಮೇಜಿನವರು ತಾವು ತಿನ್ನುವುದನ್ನು ಬಿಟ್ಟು ಇತ್ತ ತಿರುಗಿ ಕೂತರು.

“ಯಾವ್ ದೇಸ ಸಾ?”

“ಟ್ರಿನಿಡಾಡು. ವೆಸ್ಟ್ ಇಂಡೀಸ್ ಕಡೆ.”

“ಓಹೋ! ಬೌಲಿಂಗ್ ಮಾಡ್ತಾರಾ?”

ಮಾರ್ಲೀನ್ ನಗುತ್ತ, ತಾನು ಬೌಲಿಂಗ್ ಮಾಡುವುದಿಲ್ಲ, ಆದರೆ ಖಾರ ಮಾಡುತ್ತೇನೆ ಎಂದು ಚೀಲದಿಂದ ಒಂದು ಸಣ್ಣ ಬಾಟಲಿ ತೆಗೆದಳು. ಅವಳ ಊರಿನ ಮೆಣಸಿನಕಾಯಿ ಅರೆದು ಮಾಡಿದ ಹಳದಿ ಗೊಜ್ಜು. ಅಲ್ಲಿ ಮೆತ್ತಗಿನ ಎರಡು ರೊಟ್ಟಿಯ ನಡುವೆ ಬೇಯಿಸಿದ ಕಡಲೆಕಾಳು ಹಾಕಿ, ಮೇಲೆ ಇದನ್ನು ಸುರಿದು, ಬೀದಿಯಲ್ಲಿ ನಿಂತೇ ತಿನ್ನುತ್ತಾರಂತೆ. ನಿಯಮದ ಪ್ರಕಾರ ಗೈಡೇ ಮೊದಲು ತಿನ್ನಬೇಕು. ಕಾಂತರಾಜು ಗೌರವಕ್ಕೆಂದು ಒಂದು ಚಮಚ ತುಂಬ ದೋಸೆಗೆ ಬಳಿದುಕೊಂಡ. ಆಮೇಲೆ ಅವನು ನಲ್ಲಿಯ ಕೆಳಗೆ ನಾಲಗೆ ಚಾಚಿ ನಿಂತದ್ದನ್ನು ಇಡೀ ಹೋಟೆಲು ನೋಡಿತು.

ಮಾರ್ಲೀನ್ ಅರ್ಧ ದೋಸೆ ತಿಂದು ಕೈ ತೊಳೆದಳು. ಉಳಿದದ್ದನ್ನು ನಂಜಯ್ಯ ಕಣ್ಣು ಕೆಂಪಗೆ ಮಾಡಿಕೊಂಡು ನೋಡುತ್ತಿದ್ದುದರಿಂದ ಅದನ್ನೂ ಕಾಂತರಾಜುವೇ ಮುಗಿಸಬೇಕಾಯಿತು.

ಕಟ್ಟಿನಕೆರೆ ಮಾರುಕಟ್ಟೆಯ ಹತ್ತಿರ ಚುರುಮುರಿ ಗಾಡಿಯ ಬಸವರಾಜು ಇದ್ದ. ಈ ಸಲ ಕಾಂತರಾಜು ಜಾಣತನದಿಂದ, “ಒಂದೇ ಒಂದು ಚಮಚ ಸಾಕು ಕಣ್ಲಾ ಬಸ್ವರಾಜ, ರುಚಿಗೆ” ಎಂದ.

“ಯಾಕಣ್ಣಾ, ನನ್ ಗಾಡಿ ಮ್ಯಾಲೆ ಅನ್ಮಾನವಾ?” ಬಸವರಾಜುವಿನ ಮುಖ ಬಾಡಿತು. “ವಾಸ್ನೆ ಪಾಸ್ನೆ ಬತ್ತಾ ಇದೆಯಾ? ಇಲ್ನೋಡು, ಈಗ ಎಚ್ಚಿದ ಈರುಳ್ಳಿ. ಇದು ಈಗ್ತಾನೆ ಉರ್ದಿದ್ ಕಡ್ಲೇಕಾಯಿ. ತಿಂದು ನೋಡಿ ಆಮೇಲ್ ಮಾತಾಡು!”

ಅವನ ಮನಸ್ಸು ನೋಯಿಸಬಾರದೆಂದು ದೊಡ್ಡ ಪೊಟ್ಟಣವೊಂದನ್ನು ಪೂರ್ತಿ ತಿಂದದ್ದಾಯಿತು. ಸಂತೇಪೇಟೆಗೆ ಬರುವಷ್ಟರಲ್ಲಿ ಕಾಂತರಾಜುವಿನ ಪ್ಯಾಂಟಿನ ಗುಂಡಿ ಬಿಚ್ಚಿತ್ತು. ಅಲ್ಲಿ ಅವನ ದೊಡ್ಡಮ್ಮ ಬಸವಲಿಂಗಮ್ಮ ಮನೆಯಲ್ಲೇ ಒಬ್ಬಟ್ಟು ಮಾಡಿ ಮಾರುತ್ತಿದ್ದಳು. ಸ್ವಂತ ದೊಡ್ಡಮ್ಮನಾದರೂ ಕಷ್ಟ ಅರ್ಥಮಾಡಿಕೊಂಡಾಳೆಂದು ಅವನು ನಂಬಿದ್ದ.

“ದೊಡ್ಡವ್ವಾ, ಒಂದೊಬ್ಬಟ್ಟಲ್ಲಿ ಒಂದು ಚೂರು...”

“ಚೂರಂತೆ ಚೂರು! ಹೊಟ್ಟೆ ಎಂಗೆ ಒಣಗೋಗದೆ ನೋಡು ಮಗಾ. ತಟ್ಟೇಲಿ ಏನಾರ ಬಿಟ್ರೆ ನನ್ನಾಣೆ!” ಎಂದು ಬಸವಲಿಂಗಮ್ಮ ಒಬ್ಬಟ್ಟಿನ ಮೇಲೆ ಒಬ್ಬಟ್ಟು ಇಟ್ಟು ತುಪ್ಪ ಸುರಿದಳು. ಆಣೆ ಇಟ್ಟ ಮೇಲೆ ಮಾತಿಲ್ಲ. ಕಾಂತರಾಜು ತಿಂದ, ತಿಂದು ಜಗಲಿಯ ಮೇಲೆ ಗೋಡೆಗೆ ಒರಗಿದ, ಏಳಲಾಗಲಿಲ್ಲ.

ಮಾರ್ಲೀನ್ ಅವನ ಪಕ್ಕ ಕೂತು ಬಹಳ ಮೃದುವಾಗಿ ಹೇಳಿದಳು. “ಕಾಂತ, ಊಟ ಚೆನ್ನಾಗಿದೆ, ಜನ ಇನ್ನೂ ಚೆನ್ನಾಗಿದ್ದಾರೆ. ಆದರೆ ಇದರಲ್ಲಿ ನಡಿಗೆ ಎಲ್ಲಿದೆ? ನನ್ನ ಗುಂಪಿನವರು ಎರಡನೇ ಅಂಗಡಿಯಲ್ಲೇ ಮಲಗಿಬಿಡುತ್ತಾರೆ. ಬೇರೆ ದಾರಿ ಕಾಣದಿದ್ದರೆ ನಾನು ಒಪ್ಪುವುದು ಕಷ್ಟ.”

ಕಾಂತರಾಜುವಿಗೆ ಅಳುವೇ ಬಂತು. ಯೂರಿಯಾ ಮೂಟೆಗಳು ಕಣ್ಣ ಮುಂದೆ ಸಾಲಾಗಿ ನಿಂತವು, ಅಲ್ಲೇ ಒಂದು ಸೀನೂ ಬಂತು. ಅಷ್ಟು ಹೊತ್ತಿಗೆ ಬೀದಿಯ ಆ ತುದಿಯಿಂದ ಪರಿಚಿತ ದನಿಯೊಂದು ಕೇಳಿಸಿತು.

“ಏನ್ ಅಳಿಯಂದ್ರೇ, ತುಂಬಿದ್ ಬಸುರಿ ಅಂಗೆ ಕುಂತಿದ್ದೀರಿ?”

ಬಿತ್ತನೆ ಬೀಜ ತೆಗೆದುಕೊಂಡು ಹೋಗಲು ಹಾಸನಕ್ಕೆ ಬಂದಿದ್ದ ಈಶ್ವರಯ್ಯನವರು ಹೆಗಲ ಮೇಲಿನ ವಸ್ತ್ರದಿಂದ ಗಾಳಿ ಹಾಕಿಕೊಳ್ಳುತ್ತ ನಿಂತಿದ್ದರು. ಬಸವಲಿಂಗಮ್ಮ ಬೀಗರಿಗೆ ನಡೆದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಈಶ್ವರಯ್ಯನವರು ಅಳಿಯನನ್ನೊಮ್ಮೆ, ಅತಿಥಿಯನ್ನೊಮ್ಮೆ ನೋಡಿದರು.

“ಕಮ್ಮಿ ಕೊಡಿ ಅಂತ ಕೇಳುದ್ರೆ ಯಾರಿಗಾದ್ರೂ ಸಿಟ್ಟು ಬರಾಕಿಲ್ವಾ? ಏಳಿ ತಾಯಿ, ನನ್ ಜೊತೆ ಬನ್ನಿ.”

ಮಾರ್ಲೀನಳಿಗೆ ಭಾಷೆ ತಿಳಿಯದಿದ್ದರೂ ಎದ್ದಳು. ಕಾಂತರಾಜು ತೇಗುತ್ತ ಹಿಂದೆ ಹೊರಟ.

ಈಶ್ವರಯ್ಯನವರು ಮೊದಲು ಸಿಕ್ಕ ಮೆಸ್ಸಿಗೆ ನುಗ್ಗಿ, ಒಂದು ಮುದ್ದೆ, ಒಂದು ಬಟ್ಟಲು ಸೊಪ್ಪಿನ ಸಾರು ತರಿಸಿದರು. ಯಾರೂ ಕೈ ಹಾಕಿ ಎಂಜಲು ಮಾಡುವ ಮೊದಲೇ ಅದನ್ನು ಪಾಲು ಮಾಡಿ, ಅಲ್ಲಿ ಕೂತಿದ್ದವರನ್ನೆಲ್ಲ ಕರೆದರು. “ಬಾರಯ್ಯಾ, ಒಂದ್ ತುತ್ತು. ನೀವೂ ಬನ್ನಿ ಮೇಷ್ಟ್ರೇ. ಓನರ್ರೇ, ಗಲ್ಲಾ ಬಿಟ್ಟು ಬನ್ನಿ, ನಿಮ್ಗೂ ಒಂದ್ ತುತ್ತು.” ಓನರ್ರಿಗೇ ಪಾಲು ಸಿಕ್ಕ ಮೇಲೆ ಅವಮಾನ ಯಾರಿಗೆ? ಮಾರ್ಲೀನಳ ಪಾಲಿಗೆ ಬಂದದ್ದು ನಿಂಬೆಹಣ್ಣಿನಷ್ಟು ಮುದ್ದೆ. ಅಗಿಯದೆ ನುಂಗಬೇಕೆಂದು ಮೇಷ್ಟ್ರು ಕಲಿಸಿದರು, ಅವಳು ನುಂಗಿ ಚಪ್ಪಾಳೆ ತಟ್ಟಿದಳು. ಹಳದಿ ಬಾಟಲಿಯೂ ಹೊರಬಂತು. ಈಶ್ವರಯ್ಯನವರು ಅದನ್ನು ಮುದ್ದೆಯ ಮೇಲೆ ಧಾರಾಳವಾಗಿ ಸುರಿದುಕೊಂಡು ನುಂಗಿ, ಸ್ವಲ್ಪ ಯೋಚಿಸಿ, “ಪರ್ವಾಗಿಲ್ಲ. ಉಪ್ಪು ವಸಿ ಮುಂದಾಗ್ಬೇಕು” ಎಂದರು.

ಆಮೇಲೆ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ, ಕಬ್ಬಿನ ಹಾಲು ಎಲ್ಲವೂ ಅದೇ ಉಪಾಯದಲ್ಲಿ ಹಂಚಿಹೋದವು. ಮಾರ್ಲೀನಳ ಹೊಟ್ಟೆ ಹಗುರವಾಗಿಯೇ ಇತ್ತು, ನಡಿಗೆ ಸಾಗಿಯೇ ಇತ್ತು. ನಿಂತಲ್ಲೆಲ್ಲ ಯಾರಾದರೊಬ್ಬರು ಸೇರಿಕೊಂಡು ಮಗಳ ಮದುವೆ, ಮಂಡಿನೋವು, ಶುಂಠಿ ರೇಟು ಹೇಳಿಕೊಂಡರು. ಕಾಂತರಾಜುವಿನ ಮನಸ್ಸಿಗೆ ಮತ್ತೆ ಜೀವ ಬಂತು. ಮಾವನೇ ತನ್ನ ನಡಿಗೆಯನ್ನು ಉಳಿಸಿಕೊಟ್ಟರಲ್ಲ, ಇನ್ನು ಯಾವ ಬಾಯಲ್ಲಿ ಅಂಗಡಿಗೆ ಬಾ ಅಂದಾರು ಎಂದು ಒಳಗೊಳಗೇ ಹಿಗ್ಗಿದ.

ಸಂಜೆ ಮಹಾರಾಜ ಪಾರ್ಕಿನ ಬೆಂಚಿನ ಮೇಲೆ ಮೂವರೂ ಕೂತರು. ಮಾರ್ಲೀನ್ ಈಶ್ವರಯ್ಯನವರ ಎರಡೂ ಕೈ ಹಿಡಿದುಕೊಂಡು ಇಂಗ್ಲಿಷಿನಲ್ಲಿ ಉದ್ದಕ್ಕೆ ಮಾತಾಡಿದಳು. ಕೇಳುತ್ತ ಕೇಳುತ್ತ ಕಾಂತರಾಜುವಿನ ಮುಖ ಬಿಳಿಚಿಕೊಂಡಿತು.

“ಏನಂತೆ ಅಳಿಯಂದ್ರೇ?”

“ಚೆನ್ನಾಗಿತ್ತಂತೆ ಮಾವ.”

“ಅಷ್ಟುದ್ದ ಮಾತಾಡಿದ್ದು ಇಷ್ಟೇಯಾ? ಪೂರ್ತಿ ಏಳಿ.”

“ಇನ್ಮೇಲೆ ಎಲ್ಲ ಗುಂಪೂ ಇಲ್ಲಿಗೇ ಬತ್ತವಂತೆ. ಆದ್ರೆ... ನಡೆಸ್ಕೊಂಡು ಓಗೋಕೆ ನೀವೇ ಬೇಕಂತೆ. ನಿಮ್ಮಂಥ ಗೈಡನ್ನ ಅವರೂರಲ್ಲೂ ನೋಡಿಲ್ವಂತೆ.”

ಈಶ್ವರಯ್ಯನವರ ಮುಖದ ಮೇಲೆ ರಜೆ ಸಿಕ್ಕ ಹುಡುಗನ ಕಳೆ ಬಂದಿತ್ತು. ಕಾಂತರಾಜುವಿಗೆ ಒಂದೇ ಒಂದು ಆಸೆ ಉಳಿದಿತ್ತು.

“ಆದ್ರೆ ಮಾವ, ನಿಮ್ಗೆ ಇಂಗ್ಲಿಷು? ಪಕ್ಕದಲ್ಲಿ ನಾನಂತೂ ಇರ್ಲೇಬೇಕಲ್ವಾ?”

“ಅಯ್ಯೋ, ಅದ್ಕೆ ನಿಮ್ಗ್ಯಾಕೆ ತೊಂದ್ರೆ?” ಈಶ್ವರಯ್ಯನವರು ಆಗಲೇ ಮೊಬೈಲು ಕಿವಿಗಿಟ್ಟಿದ್ದರು. “ತೇಜೂ, ನೀನು ಕಾನ್ವೆಂಟಲ್ಲಿ ಇಂಗ್ಲಿಷ್ ಏಳ್ಕೊಡ್ತಿದ್ಯಲ್ಲವ್ವಾ... ನನ್ ಜೊತೆ ಓಡಾಡ್ಕಂಡು ಬರೋಕೆ ಆಯ್ತದಾ?”

ಆ ಕಡೆಯಿಂದ “ಹೂಂ ಅಪ್ಪಾ!” ಎಂದು ತೇಜಶ್ರೀ ಕೂಗಿದ್ದು ಪಾರ್ಕಿನ ಗೇಟಿನವರೆಗೂ ಕೇಳಿಸಿತು.

ಈಶ್ವರಯ್ಯನವರು ಸೊಂಟದಿಂದ ಬೀಗದ ಕೈ ಗೊಂಚಲು ಬಿಚ್ಚಿ ಅಳಿಯನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಪ್ರೀತಿಯಿಂದ ಮಡಿಚಿದರು.

“ನಾನೂ ಮಗಳೂ ಈ ಕಡೆ ಬಂದ್ಬುಟ್ರೆ ಅಂಗಡಿ ನೋಡೋರು ಬೇಕಲ್ವಾ? ಬೆಳಿಗ್ಗೆ ಬೇಗ ತೆಗೀರಿ ಅಳಿಯಂದ್ರೇ, ಬಾಗಿಲಿನ ಶಟರ್ರು ವಸಿ ಬಿಗಿ ಅದೆ. ಹೊಟ್ಟೆ ತುಂಬ ತಿಂಡಿ ತಿಂದ್ಕಂಡೋಗಿ.”