ಫರ್ಸಿ ಎತ್ತಿದವನೇ ಫಾರ್ವರ್ಡ್

ನಮ್ಮ ಸೋದರಮಾವನಿಗೆ ಫುಟ್‌ಬಾಲಿನ ಗಂಧಗಾಳಿ ಇಲ್ಲ. ಹೊಟ್ಟೆಕಿಚ್ಚಿನ ಮಾತಲ್ಲ ಇದು, ಅವರೇ ನಾಲ್ಕು ಜನರ ಎದುರು ಒಪ್ಪಿಕೊಂಡ ಸಂಗತಿ. ಜಹೀರಾಬಾದಿನಲ್ಲಿ ನಮ್ಮದೊಂದು ಫುಟ್‌ಬಾಲ್ ಕ್ಲಬ್ಬಿದೆ. ಅದಕ್ಕೆ ಹೊಸ ಆಟಗಾರರನ್ನು ಆರಿಸುವವರು ಯಾರು ಅಂತ ಕೇಳಿದಿರೋ, ಅವರೂ ನಮ್ಮ ಮಾವನೇ!

ನಾನು ಆ ಕ್ಲಬ್ಬಿನ ಲೈನ್ಸ್‌ಮನ್. ಗೆರೆಯ ಪಕ್ಕದಲ್ಲಿ ಬಾವುಟ ಹಿಡಿದು ಓಡುವುದು ನನ್ನ ಕೆಲಸ. ನೋಡಿದ್ದನ್ನು ನಿಜವಾಗಿ ನೋಡಿದೆನೇ ಎಂದು ಇನ್ನೊಮ್ಮೆ ಯೋಚಿಸದೆ ಬಾವುಟ ಎತ್ತಿದವನಲ್ಲ. ಯೋಚಿಸಿ ಮುಗಿಯುವಷ್ಟರಲ್ಲಿ ಎದುರಾಳಿಗಳು ಗೋಲು ಹೊಡೆದು, ಒಬ್ಬರನ್ನೊಬ್ಬರು ಅಪ್ಪಿಕೊಂಡು, ನೀರು ಕುಡಿಯುತ್ತಿರುತ್ತಾರೆ ಎಂಬುದು ಬೇರೆ ಮಾತು. ಆದರೆ ನಾನು ಸುಳ್ಳು ಬಾವುಟ ಎತ್ತಿದ್ದಿಲ್ಲ, ನೋಡಿದ್ದನ್ನು ಮುಚ್ಚಿಟ್ಟಿದ್ದೂ ಇಲ್ಲ. ಆದ್ದರಿಂದ ಮಾವನ ಬಗ್ಗೆ ಮುಂದೆ ಹೇಳುವುದನ್ನು ನೀವು ನಂಬಬಹುದು.

ಒಂದು ಸಲ ಅವರಿಗೆ ಆಫ್‌ಸೈಡ್ ಎಂದರೇನು ಎಂದು ತಿಳಿಸಲು ಹೋದೆ. ಊಟದ ತಾಟಿನಲ್ಲಿ ಈರುಳ್ಳಿ ಚೂರುಗಳನ್ನು ಆಟಗಾರರಂತೆ ಹೊಂದಿಸಿ, ನಿಂಬೆಹಣ್ಣನ್ನು ಗೋಲ್‌ಕೀಪರ್ ಮಾಡಿ, ಬಹಳ ಹೊತ್ತು ವಿವರಿಸಿದೆ. ಮಾವ ಗಂಭೀರವಾಗಿ ಕೇಳಿದರು. ನಡುನಡುವೆ ಒಬ್ಬೊಬ್ಬ ಆಟಗಾರನನ್ನು ರೊಟ್ಟಿಯ ಜೊತೆ ಬಾಯಿಗೆ ಹಾಕಿಕೊಂಡರು. ಕೊನೆಗೆ ಹೇಳಿದರು:

"ಅಂದ್ರ, ಎಲ್ಲಾರೂ ಹಿಂದ ದುಡ್ಯಾಕತ್ತಾಗ ಒಬ್ಬಂವ ಮುಂದ ಹೋಗಿ ಆರಾಮ್ ನಿಂತಿರ್ತಾನ. ಚೆಂಡು ತಾನಾ ಬರ್ಲಿ ಅಂತ. ಹೌದಲ್ಲ?"

"ಹೆಚ್ಚುಕಮ್ಮಿ ಹಂಗೇ ರೀ ಮಾಮಾ."

"ಮತ್ತ ಅದಕ್ಕ ಆಫ್‌ಸೈಡ್ ಅಂತ ಯಾಕಂತೀರಿ? ಮೈಗಳ್ಳ ಅನ್ರಿ!"

ಅಂದಿನಿಂದ ಮ್ಯಾಚಿನಲ್ಲಿ ನಾನು ಬಾವುಟ ಎತ್ತಿದರೆ ಸಾಕು, ಮಾವ ಮೈದಾನದ ಆಚೆಯಿಂದ "ಮೈಗಳ್ಳ! ಮೈಗಳ್ಳ!" ಎಂದು ಕೂಗುತ್ತಾರೆ. ಹೊಸದಾಗಿ ನೋಡಲು ಬಂದವರೆಲ್ಲ ನನ್ನ ಕಡೆ ತಿರುಗಿ ನೋಡುತ್ತಾರೆ!

ಮಾವನ ಸಿದ್ಧಾಂತ ಒಂದೇ ಸಾಲಿನದು. "ಆಟ ಕಲಸಾಕ ಬರ್ತದ. ನಿಯತ್ತು ಕಲಸಾಕ ಬರಂಗಿಲ್ಲ." ಆದ್ದರಿಂದ ಕ್ಲಬ್ಬಿಗೆ ಸೇರಲು ಬಂದವನು ಚೆಂಡು ಹೇಗೆ ಒದೆಯುತ್ತಾನೆ ಎಂದು ಅವರು ನೋಡುವುದಿಲ್ಲ. ಗೋಲಿನಾಚೆ ಹೋದ ಚೆಂಡನ್ನು ತರಲು ಯಾರು ಓಡುತ್ತಾರೆ ಎಂದು ನೋಡುತ್ತಾರೆ. ಹೈದರಾಬಾದಿನ ಕಾಲೇಜು ತಂಡದಲ್ಲಿ ಆಡಿದ್ದ ಒಬ್ಬ ಹುಡುಗ ಮುಳ್ಳುಜಾಲಿಯೊಳಗೆ ಚೆಂಡು ಒದ್ದು ಸೊಂಟಕ್ಕೆ ಕೈಯಿಟ್ಟು ನಿಂತ. "ನೀ ಒದ್ದದ್ದು ನೀನಾ ತರಬೇಕಪ್ಪಾ. ಹೋಗಿ ಬಾ," ಎಂದರು ಮಾವ. ಚೆಂಡು ತಂದು ಬಾ ಎಂಬುದು ಅದರ ಅರ್ಥವಾಗಿರಲಿಲ್ಲ. ಹುಡುಗ ಮುಂದಿನ ಬಸ್ಸಿಗೆ ಹೋದ.

ಎರಡನೆಯದು ಊಟದ ಪರೀಕ್ಷೆ. ಮಾವನ ಮನೆಯಲ್ಲಿ ಅತ್ತೆ ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸುತ್ತಾರೆ. ಉಂಡವನು ತಾಟು ಎತ್ತುತ್ತಾನೋ, ಬಿಟ್ಟು ಏಳುತ್ತಾನೋ? ಸಿರ್ಗಾಪುರದಿಂದ ಬಂದ ಒಬ್ಬ ತನ್ನ ತಾಟಿನ ಜೊತೆ ಮಾವನ ತಾಟನ್ನೂ ತೊಳೆದಿಟ್ಟ. ಮಾವನ ಕಣ್ಣು ತುಂಬಿತು, ಅಲ್ಲೇ ಅವನಿಗೆಂದು ಜರ್ಸಿ ತೆಗೆದಿಟ್ಟರು. ಅವನು ಮೊದಲ ಮ್ಯಾಚಿನಲ್ಲಿ ಹೊಡೆದ ಗೋಲು ಅದ್ಭುತವಾಗಿತ್ತು. ನಮ್ಮದೇ ಗೋಲಿಗೆ! ನಾವೆಲ್ಲ ತಲೆಯ ಮೇಲೆ ಕೈ ಹೊತ್ತರೆ ಮಾವ ಹೆಮ್ಮೆಯಿಂದ, "ನೋಡ್ರಿ, ಅಳಾಕತ್ಯಾನ! ನಾಚಿಕಿ ಇರೋ ಮನಷ್ಯಾ!" ಎಂದರು.

"ಇವ್ರ ಪರೀಕ್ಷಾ ಇಂದಿಂದಲ್ಲಪ್ಪಾ," ಎಂದು ಅತ್ತೆ ಒಮ್ಮೆ ನನಗೆ ಹೇಳಿದರು. "ನನ್ನ ನೋಡಾಕ ಬಂದಾಗ ಏನು ನೋಡಿದ್ರಂತ ಕೇಳು."

ಮಾವ ನಕ್ಕರು. "ಉಪ್ಪಿಟ್ಟು ಕೊಟ್ಟು ಒಳಗ ಹೋಗಾಗ ಬಾಗಿಲಾಗಿನ ಚಪ್ಪಲಿ ಎಲ್ಲಾ ಒಂದ್ ಕಡಿಗೆ ಸರಿಸಿ ಹೋದ್ಳು. ಆವಾಗೇ ಪಾಸ್!"

"ಕಾಲಿಗೆ ತೊಡಕಿದ್ವು, ಸಿಟ್ಟು ಬಂದು ಒದ್ದಿದ್ದೆ!"

"ಒದ್ದಿದ್ದ್ಯಾ? ನಾ ಏನ್ ಬ್ಯಾರೆ ಹೇಳಾಕತ್ತೀನಿ? ಅದಾ ಫುಟ್‌ಬಾಲ್!"

ಇವೆಲ್ಲ ಸಣ್ಣ ಪರೀಕ್ಷೆಗಳು. ದೊಡ್ಡದು ಕಲ್ಲಿನ ಪರೀಕ್ಷೆ.

ಮಾವನದು ಫರ್ಸಿ ಅಂಗಡಿ. ಫರ್ಸಿ ಎಂದರೆ ನೆಲಕ್ಕೆ ಹಾಸುವ ತೆಳ್ಳನೆಯ ಕಲ್ಲಿನ ಹಲಗೆ. ತಾಂಡೂರಿನ ಗಣಿಗಳಿಂದ ಲಾರಿಯಲ್ಲಿ ಬರುತ್ತದೆ. ದೊಡ್ಡ ಫರ್ಸಿಗೆ ಇಬ್ಬರು ಬೇಕು. ಅದನ್ನು ತಟ್ಟೆಯ ಹಾಗೆ ಅಂಗಾತ ಹಿಡಿದರೆ ತನ್ನ ಭಾರಕ್ಕೆ ತಾನೇ ನಡುವೆ ಮುರಿಯುತ್ತದೆ. ಬಾಗಿಲಿನ ಹಾಗೆ ಅಂಚಿನ ಮೇಲೆ ನಿಲ್ಲಿಸಿ, ಒಬ್ಬ ಮುಂದಿನ ತುದಿ, ಒಬ್ಬ ಹಿಂದಿನ ತುದಿ ಹಿಡಿದು, ಒಂದೇ ಹೆಜ್ಜೆಯಲ್ಲಿ ನಡೆಯಬೇಕು. ಇಳಿಸುವಾಗ ಒಬ್ಬ "ಹಾಂ" ಅನ್ನಬೇಕು, ಇನ್ನೊಬ್ಬ "ಹಾಂ" ಅಂದ ಮೇಲೆಯೇ ಗೋಣಿತಟ್ಟಿನ ಮೇಲೆ ಇಳಿಸಬೇಕು. ಒಬ್ಬ ಮೊದಲೇ ಕೈಬಿಟ್ಟನೋ, ಇನ್ನೊಬ್ಬನ ಕಾಲ್ಬೆರಳು ಹೋಯಿತು.

ಹೊಸಬರೆಲ್ಲ ಲಾರಿಯಿಂದ ಬೇವಿನ ಮರದವರೆಗೆ ಒಂದು ಫರ್ಸಿ ಹೊರಬೇಕು. ಇನ್ನೊಂದು ತುದಿ ಯಾರದು? ಮಾವನದು! "ಕಲ್ಲು ಪಾಸ್ ಮಾಡಾಕ ಬರದಂವ ಚೆಂಡು ಹ್ಯಾಂಗ ಪಾಸ್ ಮಾಡ್ತಾನ?" ಎಂಬುದು ಅವರ ಪ್ರಶ್ನೆ. ಉತ್ತರ ನಿಮಗೆ ಗೊತ್ತಿದ್ದರೆ ತಿಳಿಸಿ, ನನಗೆ ಇನ್ನೂ ಹೊಳೆದಿಲ್ಲ.

ಕಟ್ಟುಮಸ್ತಾದ ಒಬ್ಬ ಬಂದು, ಯಾರೂ ಬೇಡ, ನಾನೊಬ್ಬನೇ ತಲೆಯ ಮೇಲೆ ಹೊರುತ್ತೇನೆ ಎಂದ. ಹೊತ್ತ ಕೂಡಲೇ ಫರ್ಸಿ ಎರಡಾಯಿತು. "ಬಲ ಅದ, ಆದ್ರ ಕೇಳೋ ಕಿವಿ ಇಲ್ಲ," ಎಂದರು ಮಾವ. ಕಳೆದ ಮಳೆಗಾಲದಲ್ಲಿ ಬಂದ ಗೋಲ್‌ಕೀಪರ್ ಅರ್ಧ ದಾರಿಯಲ್ಲೇ ಕಲ್ಲು ಬೀಳಿಸಿಬಿಟ್ಟ. "ನಾ ಬಿಟ್ಟಿಲ್ರೀ, ಆ ಕಡಿಂದನಾ ಜಾರ್ತು," ಎಂದು ಅವನು ಆಣೆ ಮಾಡಿದ. ಮಾವ ಕೇಳಬೇಕಲ್ಲ! "ಗೋಲ್‌ಕೀಪರ್ ಆಗಿ ಕೈ ಬಿಡ್ತಾನ, ಮ್ಯಾಲ ಸುಳ್ಳ ಬ್ಯಾರೆ ಹೇಳ್ತಾನ!"

ಇಂಥ ಸದ್ಗುಣಿಗಳ ತಂಡ ಹೇಗೆ ಆಡಬಹುದು, ನೀವೇ ಊಹಿಸಿ. ನಮ್ಮ ಹುಡುಗರು ಬಿದ್ದ ಎದುರಾಳಿಯನ್ನು ಎತ್ತಿ ಮಣ್ಣು ಕೊಡವುತ್ತಾರೆ, ಅವನ ಲೇಸು ಕಟ್ಟುತ್ತಾರೆ. ಅವನೆದ್ದು ಹೋಗಿ ಗೋಲು ಹೊಡೆಯುತ್ತಾನೆ. ಪ್ರತಿ ವರ್ಷ ತಾಂಡೂರಿನವರೊಡನೆ ಒಂದು ಮ್ಯಾಚು, ಪ್ರತಿ ವರ್ಷ ನಮಗೊಂದು ಸೋಲು.

ಈ ವರ್ಷ ಕ್ಯಾಪ್ಟನ್ ಮಾವನ ಮನೆಗೇ ಬಂದು ಎದುರು ನಿಂತ. ಕೊಹೀರಿನವನು, ಪೇರಲಹಣ್ಣಿನ ವ್ಯಾಪಾರಿ, ಕಡಿಮೆ ಮಾತಿನವನು. "ಮಾಮಾ, ಈ ಸಲನೂ ಸೋತ್ರ ಕಲ್ಲಿನ ಪರೀಕ್ಷಾ ಬಂದ್ ಮಾಡೋಣ್ರಿ. ನಾವಾ ಮೈದಾನದಾಗ ಆಡಿಸಿ ನೋಡಿ ತಗೋತೀವಿ. ನಿಮಗ ಗೌರವ ಅಧ್ಯಕ್ಷರಂತ ಮಾಡ್ತೀವಿ. ಕುಂದ್ರಾಕ ಛಲೋ ಕುರ್ಚಿ ತರ್ತೀನಿ."

ಮಾವ ಗಲ್ಲ ಸವರಿಕೊಂಡರು. ಆಮೇಲೆ, "ಆತು. ಮಾತಂದ್ರ ಮಾತು," ಎಂದರು.

ಒಳಗೆ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದರು. "ಆ ಕುರ್ಚಿ ಮ್ಯಾಲ ಒಮ್ಮಿ ಕುಂತ್ರ ಇವ್ರು ಮತ್ತ ಏಳಂಗಿಲ್ಲಪ್ಪಾ," ಎಂದರು ನನಗೆ ಮಾತ್ರ ಕೇಳುವಂತೆ. "ಲಾರಿ ಬಂದಾಗ ಹೊಸಾ ಹುಡುಗ್ರು ಬರ್ತಾರಂತ ಮುಂಜಾನೆದ್ದು ಗಡ್ಡಾ ಮಾಡ್ಕೋತಾರ. ಅದೊಂದು ಉಳದದ."

ಹೀಗಾಗಿ ತಾಂಡೂರಿನ ಮ್ಯಾಚು ಗೆಲ್ಲಲೇಬೇಕಾಯಿತು. ಗೆಲ್ಲಲು ಗೋಲು ಹೊಡೆಯುವವನೊಬ್ಬ ಬೇಕು. ಅವನನ್ನು ನಾರಾಯಣಖೇಡದಿಂದ ಹುಡುಕಿ ತಂದವನೂ ಕ್ಯಾಪ್ಟನ್ನೇ.

ಆ ಖೇಡದವನು ಶೇರ್ ಆಟೋ ಓಡಿಸುತ್ತಿದ್ದ. ಬೆಳಿಗ್ಗೆ ಬಾ ಎಂದರೆ ಮಧ್ಯಾಹ್ನ ಬಂದ. ಅದೂ ಆಟೋದಲ್ಲಿ ಮನೂರಿನ ಮುದುಕಿಯರನ್ನು ಕೂರಿಸಿಕೊಂಡು! ಒಂದು ಬೂಟಿಗೆ ಹಸಿರು ಲೇಸು, ಇನ್ನೊಂದಕ್ಕೆ ಚೀಲ ಹೊಲಿಯುವ ಸುತಳಿ. ಮಾವ ಗಡಿಯಾರವನ್ನೇ ನೋಡುತ್ತಿದ್ದರು. "ಬ್ಯಾಡ ಬ್ಯಾಡಂದ್ರೂ ನಮ್ಮಕ್ಕನ ಜೋಳದ ಚೀಲ ಅಡಗಿಮನಿತನಾ ಹೊತ್ತು ಇಟ್ಟು ಬಂದಾನ್ರಿ, ಅದಕ್ಕಾ ತಡಾ ಆತು," ಎಂದು ಒಬ್ಬ ಮುದುಕಿ ಒಳಗಿನಿಂದ ಹೇಳಿದ್ದು ನನಗೆ ಕೇಳಿತು. ಮಾವನಿಗೆ ಕೇಳಲಿಲ್ಲ.

ಊಟದ ಪರೀಕ್ಷೆಯಲ್ಲಿ ಅವನು ರೊಟ್ಟಿಯ ಬುಟ್ಟಿ ಖಾಲಿ ಮಾಡಿ, ತಾಟು ಅಲ್ಲೇ ಬಿಟ್ಟು, ಗೋಡೆಗೆ ಒರಗಿ ನಿದ್ದೆ ಹೋದ. ಗೊರಕೆ ಬೇರೆ! ಸಂಜೆ ಮೈದಾನದಲ್ಲಿ ಚೆಂಡು ಅವನ ಕಾಲಿಗೆ ಸಿಕ್ಕಿತು ನೋಡಿ, ನಾನು ಬಾವುಟ ಎತ್ತುವುದಿರಲಿ, ಬಾಯಿ ಮುಚ್ಚುವುದನ್ನೇ ಮರೆತೆ. ಚೆಂಡು ಅವನನ್ನು ಬಿಟ್ಟು ಹೋಗಲು ಮನಸ್ಸಿಲ್ಲದ ನಾಯಿಮರಿಯ ಹಾಗೆ ಕಾಲಿಗೆ ಅಂಟಿಕೊಂಡೇ ಓಡುತ್ತಿತ್ತು.

"ಎಲ್ಲಾದ್ರಾಗೂ ಫೇಲ್," ಎಂದರು ಮಾವ.

"ಮಾಮಾ, ಗೋಲ್ ನೋಡಿದ್ರಿಲ್ಲೋ?" ಎಂದ ಕ್ಯಾಪ್ಟನ್.

"ತಾಟು ನೋಡ್ದೆ. ಇರ್ಲಿ, ಕಲ್ಲು ಎತ್ಲಿ. ಕಲ್ಲು ಏನು ಹೇಳ್ತದೋ ಅದಾ ಖರೇ."

ಮರುದಿನ ಲಾರಿ ಬಂತು. ಮಾವ ಗಡ್ಡ ಮಾಡಿಕೊಂಡು ಸಿದ್ಧರಾಗಿದ್ದರು. ಇನ್ನು ಮುಂದಿನದನ್ನು ನಾನು ನಿಧಾನವಾಗಿ ಹೇಳಬೇಕು, ಏಕೆಂದರೆ ಅದನ್ನು ನಾನು ಬಹಳ ಹತ್ತಿರದಿಂದ ನೋಡಿದೆ.

ಖೇಡದವನು ಮುಂದೆ, ಮಾವ ಹಿಂದೆ. ಮಾವನ ಮುಖ ಕಾಣಲಿ ಎಂದು ಅವನು ಹಿಮ್ಮುಖವಾಗಿ ನಡೆಯುತ್ತಿದ್ದ. ನಾನು ಪಕ್ಕದಲ್ಲಿ, ಮೈದಾನದಲ್ಲಿ ಗೆರೆಯ ಪಕ್ಕ ಇರುವ ಹಾಗೆ. ಅರ್ಧ ದಾರಿಯಲ್ಲಿ ಮಾವನ ಬಲಗೈಯ ಬೆರಳುಗಳು ತೆರೆದುಕೊಂಡವು. ಜಾರಲಿಲ್ಲ, ಎಡವಲಿಲ್ಲ. ಯಾರೋ ಒಳಗಿನಿಂದ ಬಿಡಿಸಿದ ಹಾಗೆ ಒಂದೊಂದಾಗಿ ತೆರೆದುಕೊಂಡವು. ಕಲ್ಲಿನ ಆ ತುದಿ ಕುಸಿಯಿತು. ಮಾವನ ಪಾದ ಅದರ ನೇರ ಕೆಳಗಿತ್ತು.

ಕಲ್ಲು ಬೀಳಲಿಲ್ಲ. ಖೇಡದವನು ಒಂದು ಕೈಯನ್ನು ಸರ್ರನೆ ಫರ್ಸಿಯ ನಡುವಿಗೆ ತಂದು, ಮೊಳಕಾಲು ಕೆಳಗೆ ಕೊಟ್ಟು, ಇಡೀ ಭಾರ ತನ್ನ ಮೇಲೆ ಎಳೆದುಕೊಂಡಿದ್ದ. ಕುತ್ತಿಗೆಯ ನರ ಉಬ್ಬಿದ್ದವು. ಆದರೆ ಬಾಯಿ ಏನು ಹೇಳಿತು ಗೊತ್ತೇ?

"ಮಾಮಾ, ಜರಾ ಸವಕಾಶ ರೀ! ನೀವು ಇಷ್ಟ್ ಜೋರ್ ಹಾಕಿ ಎತ್ತಿದ್ರ ಹ್ಯಾಂಗ? ನನಗ ತಾಳಂಗಿಲ್ಲ!"

ಮಾವ ಗಲಿಬಿಲಿಗೊಂಡರು. ಮತ್ತೆ ಬೆರಳು ಮಡಚಿ ಕಲ್ಲಿನ ಅಂಚಿಗೆ ಇಟ್ಟರು. ಮುಖ ಅರಳಿತು. "ಮುದುಕಾ ಅಂತ ತಿಳ್ದಿದ್ದ್ಯೇನು ಮಗನಾ? ನಡಿ!"

ಬೇವಿನ ಮರದ ಕೆಳಗೆ "ಹಾಂ" ಎಂದರು ಮಾವ. "ಹಾಂ ರೀ," ಎಂದ ಅವನು. ಕಲ್ಲು ಗೋಣಿತಟ್ಟಿನ ಮೇಲೆ ಸದ್ದಿಲ್ಲದೆ ಕುಳಿತಿತು. ಮಾವ ಎಲ್ಲರಿಗೂ ಕೇಳುವಂತೆ ಸಾರಿದರು: "ಸೋಮಾರಿ ಅದಾನ, ಉಂಡ ತಾಟು ಎತ್ತಂಗಿಲ್ಲ. ಆದ್ರ ಕೈ ಬಿಡೋ ಪೈಕಿ ಅಲ್ಲ. ಪಾಸ್!"

ಕ್ಯಾಪ್ಟನ್ನನ ಕಡೆ ನೋಡಿದೆ. ಅವನು ಬೇವಿನ ಮರದ ತುದಿ ನೋಡುತ್ತಿದ್ದ.

"ನಿಮಗ ಇವತ್ತು ಕಂಡದೇನ್ರಿ?" ಎಂದ ಮೆಲ್ಲಗೆ. "ಹೋದ ಮಳಿಗಾಲದಿಂದ ಆ ಕೈಯಾಗ ಹಿಡತ ಇಲ್ಲ. ಆಮ್ಯಾಲ ಪಾಸಾದವ್ರೆಲ್ಲಾ ಎರಡೂ ಕಡಿ ಭಾರ ಹೊತ್ತವ್ರೇ. ಒಬ್ಬನೂ ಬಾಯಿ ಬಿಟ್ಟಿಲ್ಲ. ಯಾವತ್ತರ ಒಂದಿನ ಇವ್ರ ಕಾಲ್ ಮ್ಯಾಲ ಬೀಳ್ತದಂತ ಆ ಕುರ್ಚಿ ಮಾತು ತೆಗೆದೆ ರೀ."

ಗೋಲ್‌ಕೀಪರ್ ಸುಳ್ಳು ಹೇಳಿರಲಿಲ್ಲ. ಮಾವನ ಪರೀಕ್ಷೆಯೂ ಸುಳ್ಳಾಗಿರಲಿಲ್ಲ. ಅವರಿಗೆ ಬೇಕಾದಂಥ ಮನುಷ್ಯರನ್ನೇ ಆ ಕಲ್ಲು ಆರಿಸಿ ಕೊಟ್ಟಿತ್ತು. ಯಾವ ಗುಣಕ್ಕಾಗಿ ಆರಿಸಿತು ಎಂಬುದನ್ನು ಮಾತ್ರ ಅವರಿಗೆ ಹೇಳಿರಲಿಲ್ಲ.

ತಾಂಡೂರಿನಲ್ಲಿ ಏನಾಯಿತು ಎಂದು ಕೇಳುತ್ತೀರಾ? ಕ್ಯಾಪ್ಟನ್ನನ ಟೆಂಪೋದಲ್ಲಿ ನಾವು ಹೋದೆವು, ಹೇಳಿದ ಕುರ್ಚಿಯನ್ನೂ ಅವನು ಹೇರಿದ್ದ. ಖೇಡದವನು ಟೆಂಪೋ ತಪ್ಪಿಸಿಕೊಂಡು, ಬಸ್ಸಿನಲ್ಲಿ ಬಂದು, ಅರ್ಧ ಆಟ ಮುಗಿದ ಮೇಲೆ ಮೈದಾನಕ್ಕಿಳಿದ. ಅಷ್ಟರಲ್ಲಿ ಎರಡು ಗೋಲು ತಿಂದಿದ್ದೆವು. ಅವನೊಂದು ಹೊಡೆದ. ಇನ್ನೊಂದು ಹೊಡೆಯಬಹುದಿತ್ತು, ಆದರೆ ತಾನೇ ಒದೆಯುವ ಬದಲು ಸಿರ್ಗಾಪುರದವನಿಗೆ ಪಾಸ್ ಕೊಟ್ಟ. ಸಿರ್ಗಾಪುರದವನು ಚೆಂಡನ್ನು ತಾಂಡೂರಿನ ತೊಗರಿ ಹೊಲಕ್ಕೆ ದಾಟಿಸಿ, ತಾನೇ ಓಡಿ ಹೋಗಿ ತಂದ. ಸೋತೆವು.

ಮಾವ ಎದ್ದು ಮೈದಾನದ ನಡುವಿಗೆ ಬಂದರು. ಅಂಗಿ ಸರಿಮಾಡಿಕೊಂಡರು. "ಮಾತಂದ್ರ ಮಾತು. ತರ್ರಿ ಕುರ್ಚಿ."

ಕ್ಯಾಪ್ಟನ್ ಬೆವರು ಒರೆಸಿಕೊಂಡ. ಖೇಡದವನ ಕಡೆ ಒಮ್ಮೆ ನೋಡಿದ. ಸುತಳಿ ಬಿಚ್ಚುತ್ತಾ ಕೂತಿದ್ದ ಅವನು ತಲೆಯೆತ್ತಿ, ಬೇಡ ಎಂಬಂತೆ ತುಸುವೇ ಆಡಿಸಿದ.

"ಕುರ್ಚಿ ಇಲ್ರಿ ಮಾಮಾ," ಎಂದ ಕ್ಯಾಪ್ಟನ್. "ಬರಾಗ ಟೆಂಪೋದಾಗ ಕಾಲು ಮುರದದ."

"ಸುಳ್ಳ ಹೇಳಬ್ಯಾಡ." ಮಾವ ನನ್ನ ಕಡೆ ತಿರುಗಿದರು. "ಇಂವ ಹೇಳ್ಲಿ. ಇಂವ ನೋಡಿದ್ದೇ ಹೇಳಾಂವ. ಏನಪ್ಪಾ, ಮುರದದ ಏನು?"

ನಾನು ನಿಂತಲ್ಲಿಂದ ಟೆಂಪೋ ಚೆನ್ನಾಗಿ ಕಾಣುತ್ತಿತ್ತು. ಪೇರಲದ ಖಾಲಿ ಬುಟ್ಟಿಗಳ ನಡುವೆ ಕೆಂಪು ಕುರ್ಚಿ. ನಾಲ್ಕೂ ಕಾಲು ನೆಟ್ಟಗಿದ್ದವು. ಬಿಸಿಲು ಬಿದ್ದು ಹೊಳೆಯುತ್ತಿತ್ತು. ನಾನು ಎರಡನೇ ಸಲ ಯೋಚಿಸಲಿಲ್ಲ. ಬಾವುಟ ಕೆಳಗೇ ಇತ್ತು.

"ಮುರದದ ರೀ ಮಾಮಾ."

ಮಾವ ನನ್ನನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮ ಬಲಗೈಯನ್ನು ನೋಡಿಕೊಂಡರು. ಎಡಗೈಯಿಂದ ಅದನ್ನು ಮೆಲ್ಲಗೆ ಸವರಿ, "ಹಂಗಾದ್ರ ಸರಿ," ಎಂದರು. "ನಾಡಿದ್ದು ಲಾರಿ ಬರ್ತದ. ಆ ಗೋಲ್‌ಕೀಪರ್‌ಗ ಇನ್ನೊಮ್ಮಿ ಬಾ ಅನ್ರಿ."

ಎಲ್ಲರೂ ಟೆಂಪೋ ಹತ್ತಿದೆವು. ಮಾವನೂ ಹತ್ತಿದರು. ಬುಟ್ಟಿಗಳನ್ನು ಸರಿಸಿ, ಆ ಕೆಂಪು ಕುರ್ಚಿಯ ಮೇಲೆಯೇ ಕುಳಿತರು. ಜಹೀರಾಬಾದಿನವರೆಗೂ ದಾರಿ ಕೆಟ್ಟಿತ್ತು. ಖೇಡದವನು ಹಿಂದೆ ನಿಂತು, ಉದ್ದಕ್ಕೂ ಕುರ್ಚಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.